ಅರೌಸಲ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಕ್ರೀಡಾ ಮನಶ್ಶಾಸ್ತ್ರದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಕೋಚ್‌ಗಳು, ಆಟಗಾರರು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಆಂಗ್ಸೈಟಿಗೆ 'ಆತಂಕ' ಅಂತ ಹಾಕಿದ್ದೇನೆ. ಸಿಕ್ಕಿಕೊಂಡಿರುವುದು ಅರೌಸಲ್‌ನಲ್ಲಿ.

ಮೈಮನಸ್ಸು ಎಷ್ಟು ಎದ್ದು ಕೂತಿದೆ ಅನ್ನುವುದರ ಅಳತೆ ಅದು. ಗಾಢ ನಿದ್ದೆ ಒಂದು ತುದಿ, ಹುಚ್ಚು ಆವೇಶ ಇನ್ನೊಂದು ತುದಿ. ಎದೆಬಡಿತ, ಅಂಗೈ ಬೆವರು, ಸ್ನಾಯುಗಳ ಬಿಗಿ ಎಲ್ಲ ಅದರಲ್ಲೇ ಬಂತು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಫೈನಲ್‌ಗೆ ಮುಂಚೆ ಖುಷಿಯಿಂದ ಕುಣಿಯುವವಳಿಗೂ ಜಾಸ್ತಿ, ಹೆದರಿ ಬಾತ್‌ರೂಮಿಗೆ ಓಡುವವಳಿಗೂ ಜಾಸ್ತಿ. ನಿಘಂಟಿನ 'ಉದ್ರೇಕ' ಹಾಕಿದರೆ ಹುಡುಗರು ಕಿಸಕ್ ಅಂತಾರೆ. 'ಪ್ರಚೋದನೆ' ಅಂದರೆ ಯಾರೋ ಎತ್ತಿಕಟ್ಟಿದ ಹಾಗೆ ಕೇಳುತ್ತದೆ.

ವಾಕ್ಯ ಇದು: "ಬಿಲ್ಲುಗಾರನಿಗೆ ____ ಕಡಿಮೆ ಇರಬೇಕು, ಭಾರ ಎತ್ತುವವನಿಗೆ ಜಾಸ್ತಿ ಇದ್ದರೂ ನಡೆಯುತ್ತದೆ." ದಯವಿಟ್ಟು ತುಂಬಿ ಕೊಡಿ.

ಉತ್ತರ 1

ಉದ್ವೇಗ. ಎರಡಕ್ಕೂ ಅದೇ ಸಾಕು. ಸುಮ್ನೆ ಎಳೀಬೇಡಿ.

ಉತ್ತರ 2

ಸಾಕಾಗಲ್ಲ ಸಾರ್. ಉದ್ವೇಗದ ಧಾತು 'ವಿಜ್', ಅಂದರೆ ನಡುಗು. ಭಯ ಆಗಲೇ ಒಳಗೆ ಕೂತಿದೆ. ಉದ್ರೇಕದ ಮೂಲ ಅರ್ಥವೇ ಹೆಚ್ಚಳ. 'ಕಡಿಮೆ ಉದ್ರೇಕ' ಅಂದರೆ ಕಡಿಮೆ ಹೆಚ್ಚಳ ಅಂತಾಯ್ತು, ಚೆನ್ನಾಗಿದೆ. ಆತಂಕಕ್ಕೂ ನನ್ನ ತಕರಾರಿದೆ. ಕನ್ನಡದಲ್ಲಿ ಅದಕ್ಕೆ ತಡೆ ಅನ್ನುವ ಅರ್ಥವೂ ಇದೆ, 'ಅಡ್ಡಿ ಆತಂಕ' ಅನ್ನುತ್ತೇವಲ್ವಾ? ಹಿಂದಿಗೆ ಹೋದರೆ ಅದೇ ಪದ ಭಯೋತ್ಪಾದನೆ. 'ಕಳವಳ' ಹಾಕಿ. ಅರೌಸಲ್‌ಗೆ 'ಹುರುಪು'. ಅಚ್ಚಗನ್ನಡ. ಮನೆಯಲ್ಲೇ ಪದ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವ ಚಾಳಿ ನಮಗೆ ಯಾವಾಗ ಬಿಡುತ್ತದೋ.

ಉತ್ತರ 3

ಹುರುಪು ಅಚ್ಚಗನ್ನಡವೇ? ಮರಾಠಿಯವರೂ 'ಹುರೂಪ್' ಅನ್ನುತ್ತಾರೆ, ಅದೇ ಅರ್ಥದಲ್ಲಿ. ಯಾರು ಯಾರಿಂದ ತಂದರು ಅನ್ನುವ ಜಗಳ ಆಮೇಲೆ ಆಡೋಣ. ಹೆದರಿ ಬೆವರುತ್ತಿರುವವನಿಗೆ 'ಹುರುಪು ಜಾಸ್ತಿಯಾಗಿದೆ' ಅನ್ನಲು ಆಗುತ್ತದಾ?

ಪ್ರಶ್ನೆ ಕೇಳಿದವರು

ಉತ್ತರ 1ರವರಿಗೆ: ಎರಡಕ್ಕೂ ಒಂದೇ ಪದ ಹಾಕಿದರೆ ನನ್ನ ಒಂದು ಚಿತ್ರವೇ ಬಿದ್ದುಹೋಗುತ್ತದೆ. ಕ್ರೀಡಾ ಮನಶ್ಶಾಸ್ತ್ರದ ಸಂಶೋಧಕರಾದ ಹಾರ್ಡಿ, ಫೇಜಿ ಇಬ್ಬರ ಮಾದರಿಯಲ್ಲಿ ಅರೌಸಲ್, ಆತಂಕ ಇವೆರಡಕ್ಕೂ ಬೇರೆ ಬೇರೆ ಅಕ್ಷ. ತಲೆಯಲ್ಲಿ ಚಿಂತೆ ಕಡಿಮೆ ಇದ್ದರೆ, ಮೈ ಅತಿಯಾಗಿ ಎದ್ದರೂ ಆಟ ಮೆಲ್ಲಗೆ ಇಳಿಯುತ್ತದೆ. ಚಿಂತೆ ಜಾಸ್ತಿ ಇದ್ದರೆ ಒಂದು ಹಂತ ದಾಟಿದ ಕೂಡಲೇ ದಬಕ್ ಅಂತ ಬೀಳುತ್ತದೆ. ಮತ್ತೆ ಮೇಲೆ ಬರಲು ಒಂಚೂರು ಸಮಾಧಾನ ಸಾಲದು, ಬಿದ್ದ ಹಂತಕ್ಕಿಂತ ತುಂಬಾ ಕೆಳಗೆ ಇಳಿಸಬೇಕು. 'ಉದ್ವೇಗದಲ್ಲಿ ಉದ್ವೇಗ ಹೆಚ್ಚಾದರೆ' ಅಂತ ಬರೆಯಲೇ?

ಉತ್ತರ 4

'ಕಾವು' ಹಾಕಿ. ಏರುತ್ತದೆ, ಇಳಿಯುತ್ತದೆ, ಆರುತ್ತದೆ. ಜೊತೆಗೆ ಬರುವ ಕ್ರಿಯಾಪದಗಳೆಲ್ಲ ಸಿದ್ಧವಾಗಿವೆ. ಮಾತಿಗೆ ಕಾವೇರುತ್ತದೆ, ಆಟಕ್ಕೂ ಏರುತ್ತದೆ. ಭಯ, ಖುಷಿ ಯಾವುದನ್ನೂ ಅಂಟಿಸಿಕೊಂಡಿಲ್ಲ.

ಪ್ರಚೋದನೆಯನ್ನು ಪೂರ್ತಿ ಎಸೆಯಬೇಡಿ. ಅರೌಸಲ್ ಏರಿದ ಹಾಗೆ ಆಟ ಒಂದು ಹಂತದವರೆಗೆ ಏರಿ ಆಮೇಲೆ ಇಳಿಯುತ್ತದೆ ಅಂತ ತೋರಿಸುವ ತಲೆಕೆಳಗಾದ ಯು ಆಕಾರದ ಗೆರೆ ನಿಮ್ಮ ಕೈಪಿಡಿಯಲ್ಲೂ ಇರಬೇಕು. ಅದಕ್ಕೆ ಎಲ್ಲರೂ 1908ರಲ್ಲಿ ಪ್ರಯೋಗ ಪ್ರಕಟಿಸಿದ ಮನಶ್ಶಾಸ್ತ್ರಜ್ಞರಾದ ಯರ್ಕ್ಸ್ ಮತ್ತು ಡಾಡ್ಸನ್ ಹೆಸರು ಹೇಳುತ್ತಾರೆ. ಅವರು ಕೆಲಸ ಮಾಡಿದ್ದು ಇಲಿಗಳ ಮೇಲೆ. ಬಿಳಿ ಪೆಟ್ಟಿಗೆ ಸರಿ, ಕಪ್ಪು ಪೆಟ್ಟಿಗೆಗೆ ಹೋದರೆ ಕರೆಂಟ್ ಶಾಕ್. ಗುರುತಿಸುವುದು ಸುಲಭವಿದ್ದಾಗ ಜೋರು ಶಾಕಿಗೆ ಬೇಗ ಕಲಿತವು, ಕಷ್ಟವಿದ್ದಾಗ ಮಧ್ಯಮ ಶಾಕೇ ವಾಸಿ. ಅವರು ಅಳೆದದ್ದು ಶಾಕಿನ ಬಲ, ಅಂದರೆ ಪ್ರಚೋದನೆಯೇ. ಆ ಜಾಗಕ್ಕೆ ಅರೌಸಲ್ ಅಂತ ಬರೆದವರು ಆಮೇಲಿನವರು.

ಶೂಟಿಂಗ್, ಬಿಲ್ಲುಗಾರಿಕೆಗಳಲ್ಲಿ ಬೀಟಾ ಬ್ಲಾಕರ್ ಅನ್ನುವ ಮಾತ್ರೆಗಳಿಗೆ ನಿಷೇಧ. ಎದೆಬಡಿತ ಇಳಿಸಿ ಕೈ ನಡುಕ ತಗ್ಗಿಸುತ್ತದೆ ಅಂತ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜಾಂಗ್ ಸು ಎರಡು ಪದಕ ಕಳೆದುಕೊಂಡದ್ದು ಇಂಥದೇ ಪ್ರೊಪ್ರನೊಲಾಲ್‌ನಿಂದ. ಆ ಮಾತ್ರೆ ಇಳಿಸುವುದು ಕಾವನ್ನು. 'ಸೋತರೆ ಏನು ಗತಿ' ಅನ್ನುವ ಯೋಚನೆ ಬೇರೆಯೇ ಲೆಕ್ಕ.

ಉತ್ತರ 2

ಕಾವು ಕೋಳಿ ಕೂರುವುದಕ್ಕೆ.

ಉತ್ತರ 4

ಅದೂ ಬಿಸಿಯಾಗು ಅನ್ನುವ ಅರ್ಥದ 'ಕಾಯ್' ಇಂದಲೇ ಬಂದದ್ದು. ನಿಮಗೆ ಬೇಕಾದ ಅಚ್ಚಗನ್ನಡ, ತಗೊಳ್ಳಿ.

ಉತ್ತರ 3

ನನ್ನ ಅಡ್ಡಿ ಬೇರೆ. ಆಟಗಾರರು ವಾರ್ಮ್ ಅಪ್‌ಗೆ 'ಮೈ ಬಿಸಿ ಮಾಡ್ಕೊಳ್ಳೋದು' ಅಂತಾರೆ. ಕಾವು ಅಂದರೆ ಅದೇ ಅಂದ್ಕೊಳ್ಳುತ್ತಾರೆ. ಅರೌಸಲ್ ಅಂತಲೇ ಬರೆದರೆ ಏನಾಗುತ್ತದೆ? ವಿಕೆಟ್, ಗೋಲ್, ಪೆನಾಲ್ಟಿ ಬರೆಯುವಾಗ ಯಾರೂ ಅಳಲಿಲ್ಲ.

ಉತ್ತರ 2

ವಿಕೆಟ್ ಕಣ್ಣಿಗೆ ಕಾಣುವ ವಸ್ತು, ಹೆಸರಿನ ಜೊತೆಗೇ ಬಂತು. ಎದೆಬಡಿತ ಹಾಗೆ ಹೊರಗಿಂದ ಬಂದದ್ದಾ? ನಮ್ಮ ಮೈಯೊಳಗೆ ಆಗುವುದಕ್ಕೂ ಎರವಲು ತರಬೇಕು ಅಂದರೆ ಕೈಪಿಡಿಯನ್ನು ಇಂಗ್ಲಿಷಿನಲ್ಲೇ ಬಿಡಿ. ಅನುವಾದ ಯಾಕೆ?

ಉತ್ತರ 1

ಅದಕ್ಕೇ ಹೇಳಿದ್ದು, ಉದ್ವೇಗ.

ಪ್ರಶ್ನೆ ಕೇಳಿದವರು

ಮೊದಲ ಸಲ ಬಂದಾಗ 'ಮೈಮನದ ಕಾವು', ಆಮೇಲೆ ಬರೀ 'ಕಾವು' ಅಂತ ಹಾಕುತ್ತಿದ್ದೇನೆ. ವಾರ್ಮ್ ಅಪ್ ಹಾಗೇ ಇರಲಿ. ಆತಂಕವನ್ನು ಬದಲಿಸುವುದಿಲ್ಲ, ಓದುವ ಹುಡುಗರಿಗೆ ಅದು ಗೊತ್ತಿರುವ ಪದ. ಯು ಗೆರೆಯ ಕೆಳಗೆ ಇಲಿ, ಶಾಕ್‌ಗಳ ವಿಷಯ ಎರಡು ಸಾಲು ಸೇರಿಸುತ್ತೇನೆ.

ಇನ್ನೊಂದು ಉಳಿದಿದೆ. ಗೆಲ್ಲುವ ಪಾಯಿಂಟಿನಲ್ಲಿ, ಕೈಗೆ ರೂಢಿಯಾದ ಹೊಡೆತವನ್ನೇ ಯೋಚಿಸಿ ಯೋಚಿಸಿ ಹೊಡೆಯಲು ಹೋಗಿ ಕೆಡಿಸಿಕೊಳ್ಳುತ್ತಾರಲ್ಲ, ಆ ಚೋಕಿಂಗ್‌ಗೆ?

ಉತ್ತರ 1

ಬೇರೆ ಓಲೆ ಹಾಕಿ.