‘ಎಲ್ಲರೂ ಕಸ ಬೇರೆ ಮಾಡ್ತಿದ್ದಾರೆ’ ಅಂತ ಸುಳ್ಳು ಬೋರ್ಡ್ ಹಾಕಬಹುದಾ?

ಬನಶಂಕರಿ ಕಮಿಟಿ ಮೆಂಬರ್

ನಮ್ಮದು ಬನಶಂಕರಿ ಮೂರನೇ ಹಂತದಲ್ಲಿ 48 ಮನೆಗಳ ಅಪಾರ್ಟ್‌ಮೆಂಟ್. ಬೇರೆ ಯಾರೂ ಮುಂದೆ ಬರಲಿಲ್ಲ ಅಂತ ಈ ವರ್ಷ ನನ್ನನ್ನು ಕಮಿಟಿಗೆ ಹಾಕಿದ್ದಾರೆ. ತಲೆನೋವು ಒಂದೇ, ಕಸ. ಉಳಿದ ಸಾಂಬಾರು, ಡೈಪರ್, ಹಾಲಿನ ಪ್ಯಾಕೆಟ್ ಎಲ್ಲ ಒಂದೇ ಕವರಿನಲ್ಲಿ ಗಂಟು ಕಟ್ಟಿ ಬೇಸ್‌ಮೆಂಟಿನಲ್ಲಿ ಇಟ್ಟು ಹೋಗುತ್ತಾರೆ. ಮಿಕ್ಸ್ ಕಸ ಇದ್ದರೆ ಎತ್ತಲ್ಲ ಅಂತ ಆಟೋದವರು ಖಡಾಖಂಡಿತವಾಗಿ ಹೇಳಿದ್ದಾರೆ.

ಕಮಿಟಿಯಲ್ಲಿ ಒಬ್ಬರಿದ್ದಾರೆ. ಜನ ದಿನಕ್ಕೆ ಹತ್ತು ಸಲ ಆಪ್ ತೆರೆಯುವ ಹಾಗೆ ಮಾಡುವುದೇ ಅವರ ನೌಕರಿ. ಅವರ ಐಡಿಯಾ ಕೇಳಿ. ಲಿಫ್ಟಿನಲ್ಲಿ ‘ನಮ್ಮಲ್ಲಿ ಶೇ 90 ಮನೆಗಳು ಕಸ ಬೇರ್ಪಡಿಸುತ್ತಿವೆ, ನೀವು?’ ಅಂತ ಬೋರ್ಡ್ (ನಿಜಕ್ಕೂ ಅರ್ಧದಷ್ಟು ಮನೆಯವರೂ ಮಾಡುತ್ತಿಲ್ಲ). ಡಬ್ಬಗಳ ಮೇಲೆ ದಿಟ್ಟಿಸಿ ನೋಡುವ ಕಣ್ಣುಗಳ ಚಿತ್ರ. ಆಮೇಲೆ ಮಿಕ್ಸ್ ಮಾಡಿದವರ ಕವರ್ ಬಿಚ್ಚಿ ಫೋಟೋ ತೆಗೆದು, ಫ್ಲಾಟ್ ನಂಬರ್ ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಇದೆಲ್ಲ ಸೈಕಾಲಜಿ, ಪ್ರೂವ್ ಆಗಿದೆ ಅಂತಾರೆ. ನಮ್ಮ ಮನೆಯವಳು ಕೇಳಿ, ಇದು ಮೋಸ ಅಲ್ವಾ ಅಂದಳು. ಉದ್ದೇಶ ಒಳ್ಳೆಯದೇ ತಾನೇ? ಗೆರೆ ಎಲ್ಲಿ ಎಳೆಯೋದು?

ಎಂಎಸ್ಸಿ ಸೈಕಾಲಜಿ

ಪ್ರೂವ್ ಆಗಿರುವುದು ಏನು ಅನ್ನೋದನ್ನು ಅವರು ಪೂರ್ತಿ ಹೇಳಿಲ್ಲ. ಅಕ್ಕಪಕ್ಕದವರು ಏನು ಮಾಡುತ್ತಾರೋ ಜನ ಅದನ್ನೇ ಮಾಡುತ್ತಾರೆ, ಅದು ಸರಿ. 2007ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಪ್ರತಿ ಮನೆಗೂ ‘ನಿಮ್ಮ ಕರೆಂಟ್ ಬಳಕೆ ಇಷ್ಟು, ಸುತ್ತಲಿನವರ ಸರಾಸರಿ ಇಷ್ಟು’ ಅಂತ ತಿಳಿಸಿದರು. ಜಾಸ್ತಿ ಬಳಸುತ್ತಿದ್ದವರು ಕಡಿಮೆ ಮಾಡಿದರು. ಆದರೆ ಮೊದಲೇ ಕಡಿಮೆ ಬಳಸುತ್ತಿದ್ದವರು, ಓ ನಾವು ಸುಮ್ನೆ ಹಿಡಿತ ಮಾಡ್ತಿದ್ದೀವಿ ಅಂದುಕೊಂಡರೋ ಏನೋ, ಬಳಕೆ ಏರಿಸಿಬಿಟ್ಟರು. ಅಂಥವರ ಚೀಟಿಯಲ್ಲಿ ಒಂದು ನಗುಮುಖ ಬರೆದ ಕಡೆ ಮಾತ್ರ ಅದು ಏರಲಿಲ್ಲ.

ಗಮನಿಸಿ, ಅಲ್ಲಿ ಕೊಟ್ಟ ಅಂಕಿ ನಿಜವಾದದ್ದು. ನಿಮ್ಮ ಶೇ 90 ಹಾಗಲ್ಲ. ಡಬ್ಬ ಎಲ್ಲರ ಕಣ್ಣೆದುರಿಗೇ ಇರುತ್ತದೆ, ಹೌಸ್‌ಕೀಪಿಂಗ್ ಅಣ್ಣನಿಗೆ ಪ್ರತಿ ಮನೆಯ ಲೆಕ್ಕ ಬಾಯಿಪಾಠ. ಒಂದು ಸಲ ಸುಳ್ಳು ಅಂತ ಗೊತ್ತಾದರೆ ನಾಳೆ ನೀವು ಹಾಕುವ ನೀರಿನ ನೋಟಿಸನ್ನೂ ಯಾರೂ ನಂಬಲ್ಲ.

ಹಾಗಂತ ‘ಅರ್ಧ ಜನ ಮಾಡ್ತಿಲ್ಲ’ ಅಂತಲೂ ಬರೆಯಬೇಡಿ. ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಅಂತ ಒಂದು ನ್ಯಾಷನಲ್ ಪಾರ್ಕ್ ಇದೆ. ಅಲ್ಲಿಗೆ ಬಂದವರು ಕಲ್ಲಾಗಿರುವ ಮರದ ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಚಾಲ್ಡೀನಿ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಎರಡು ಥರದ ಬೋರ್ಡ್ ಹಾಕಿ ನೋಡಿದರು. ‘ತುಂಬಾ ಜನ ಒಯ್ದಿದ್ದಾರೆ’ ಅಂತ ಬರೆದ ಕಡೆ ಕಳ್ಳತನ ಜಾಸ್ತಿ, ‘ದಯವಿಟ್ಟು ಒಯ್ಯಬೇಡಿ’ ಅಂತ ಬರೆದ ಕಡೆ ಕಡಿಮೆ. ನೀವು ಶನಿವಾರ ಎಣಿಸಿ, ‘ಹೋದ ವಾರ ಇಷ್ಟು ಮನೆ, ಈ ವಾರ ಇಷ್ಟು’ ಅಂತ ಹಾಕಿ. ಸಂಖ್ಯೆ ಏರುತ್ತಿದ್ದರೆ ಅದೇ ಸಾಕು.

ಕಣ್ಣಿನ ಚಿತ್ರದ ಐಡಿಯಾ ಇಂಗ್ಲೆಂಡಿನ ನ್ಯೂಕ್ಯಾಸಲ್ ಯೂನಿವರ್ಸಿಟಿಯ ಒಂದು ಪ್ರಯೋಗದ್ದು, 2006. ಕಾಫಿ ರೂಮಿನಲ್ಲಿ ಕುಡಿದವರು ತಾವಾಗಿಯೇ ದುಡ್ಡು ಹಾಕುವ ಡಬ್ಬಕ್ಕೆ, ಕಣ್ಣಿನ ಚಿತ್ರ ಇದ್ದ ವಾರಗಳಲ್ಲಿ ಹೂವಿನ ಚಿತ್ರ ಇದ್ದ ವಾರಗಳಿಗಿಂತ ಸುಮಾರು ಮೂರು ಪಟ್ಟು ದುಡ್ಡು ಬಿತ್ತು. ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಕಡೆ ಹಾಗೆ ಆಗಲಿಲ್ಲ. ಆ ಚಿತ್ರಕ್ಕೆ ನೀವು ದುಡ್ಡು ಖರ್ಚು ಮಾಡಬೇಡಿ.

ಜೆಪಿ ನಗರದ ಅಮ್ಮ

ಆ ಫೋಟೋ ಐಡಿಯಾ ಇವತ್ತೇ ಬಿಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಮಾಡಿದ್ದರು. ಒಂದು ಫೋಟೋದಲ್ಲಿ ತರಕಾರಿ ಸಿಪ್ಪೆ ಮಧ್ಯೆ ಖಾಲಿ ಮಾತ್ರೆ ಶೀಟ್ ಇತ್ತು. ಯಾರೋ ಅದನ್ನು ಜೂಮ್ ಮಾಡಿ ಹೆಸರು ಓದಿ, ‘ಇದು ಡಿಪ್ರೆಶನ್ ಮಾತ್ರೆ ಅಲ್ವಾ’ ಅಂತ ಗ್ರೂಪಿನಲ್ಲೇ ಕೇಳಿದರು. ಅಡ್ಮಿನ್ ಡಿಲೀಟ್ ಮಾಡುವಷ್ಟರಲ್ಲಿ ಎಲ್ಲರೂ ನೋಡಿ ಆಗಿತ್ತು. ಆ ಹುಡುಗಿ ಆಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಓಡಾಡಲು ಶುರು ಮಾಡಿದಳು, ಐದನೇ ಮಹಡಿಗೆ.

ಇನ್ನೊಂದು ವಿಷಯ ಯಾರೂ ಯೋಚಿಸಲ್ಲ. ಕವರ್ ಕೆಳಗೆ ತರುವವರು ಯಾರು? ಮನೆಕೆಲಸದವರು. ಫೋಟೋ ಬಂದ ತಕ್ಷಣ ಮನೆಯವರು ‘ನೀನು ಯಾಕೆ ಬೇರೆ ಮಾಡಲಿಲ್ಲ’ ಅಂತ ಅವರ ಮೇಲೆ ರೇಗುತ್ತಾರೆ. ಸಿಂಕ್ ಕೆಳಗೆ ಇರೋದು ಒಂದೇ ಡಬ್ಬ, ಅದರಲ್ಲಿ ರಾತ್ರಿಯೇ ಎಲ್ಲ ಸೇರಿಹೋಗಿರುತ್ತದೆ. ಅವಮಾನ ಗಂಡ ಹೆಂಡತಿಗೆ ಅಂತ ನೀವು ಕಳಿಸಿದ್ದು, ಹೋಗಿ ತಲುಪಿದ್ದು ಸಂಬಳಕ್ಕೆ ದುಡಿಯುವವಳಿಗೆ.

ಗುರು ಗಿರಿನಗರ

ಇಷ್ಟೆಲ್ಲ ನ್ಯಾಯ ನೀತಿ ಯಾಕೆ ಗುರು? ದಿನಾ ಆಪ್‌ಗಳು ‘ಎರಡೇ ಸೀಟ್ ಉಳಿದಿದೆ’ ಅಂತ ಸುಳ್ಳು ಹೇಳಿ ನಮ್ಮ ಜೇಬು ಖಾಲಿ ಮಾಡುತ್ತವೆ. ನಾವು ಕಸಕ್ಕೋಸ್ಕರ ಒಂದು ಸುಳ್ಳು ಹೇಳಿದರೆ ಆಕಾಶ ಬೀಳುತ್ತದಾ? ಅದೂ ಬೇಡ ಅಂದ್ರೆ 500 ರೂಪಾಯಿ ಫೈನ್ ಹಾಕಿ, ಎಲ್ಲ ಸರಿಹೋಗುತ್ತೆ.

ಎಂಎಸ್ಸಿ ಸೈಕಾಲಜಿ

ಆ ‘ಎರಡೇ ಸೀಟ್’ ಸುಳ್ಳನ್ನೇ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಡಾರ್ಕ್ ಪ್ಯಾಟರ್ನ್ (ಆಪ್, ವೆಬ್‌ಸೈಟುಗಳು ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ) ಪಟ್ಟಿಗೆ ಸೇರಿಸಿ ನಿಷೇಧಿಸಿದೆ. ಪಟ್ಟಿಯಲ್ಲಿ ಅಂಥವು 13 ಇವೆ. ಕಂಪನಿ ಮಾಡಿದರೆ ತಪ್ಪು, ಕಮಿಟಿ ಮಾಡಿದರೆ ಜಾಣತನ ಅಂತ ಆಗಲ್ಲ.

ಫೈನ್ ವಿಷಯಕ್ಕೆ ಇಸ್ರೇಲಿನ ಹೈಫಾ ಊರಿನ ಡೇ ಕೇರ್ ಕಥೆ ಇದೆ, 2000ದಲ್ಲಿ ಪ್ರಕಟವಾದದ್ದು. ಮಗುವನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಫೈನ್ ಹಾಕಿದರು. ತಡವಾಗಿ ಬರುವವರು ಇನ್ನೂ ಜಾಸ್ತಿ ಆದರು, ದುಡ್ಡು ಕೊಡ್ತೀವಲ್ಲ ಅಂತ. ಫೈನ್ ತೆಗೆದ ಮೇಲೂ ಅದು ಇಳಿಯಲಿಲ್ಲ. ನಿಮ್ಮಲ್ಲಿ ಎರಡು ಕಾರು ಇಟ್ಟವರಿಗೆ 500 ರೂಪಾಯಿ ಏನೂ ಅಲ್ಲ, ಬಾಡಿಗೆಯ ಹುಡುಗರಿಗೆ ಮಾತ್ರ ಬಿಸಿ ತಟ್ಟುತ್ತದೆ.

ಗೆರೆ ಎಲ್ಲಿ ಅಂದಿರಲ್ಲ. ಅರ್ಥಶಾಸ್ತ್ರಜ್ಞ ಥೇಲರ್ ಮತ್ತು ಕಾನೂನು ಪ್ರೊಫೆಸರ್ ಸನ್‌ಸ್ಟೈನ್ ಈ ಥರದ ಉಪಾಯಗಳ ಬಗ್ಗೆ 2008ರಲ್ಲಿ ‘ನಡ್ಜ್’ ಪುಸ್ತಕ ಬರೆದಾಗಲೇ ಒಂದು ಷರತ್ತು ಹಾಕಿದ್ದರು. ಜನರೆದುರು ಬಹಿರಂಗವಾಗಿ ಒಪ್ಪಿಕೊಳ್ಳಲು ಆಗದ ಉಪಾಯ ಮಾಡಬಾರದು ಅಂತ. ನಿಮ್ಮ ಬೋರ್ಡಿನ ಕೆಳಗೆ ‘ಈ ಅಂಕಿ ನಾವೇ ಕಟ್ಟಿದ್ದು’ ಅಂತ ಬರೆಯಲು ಆಗುತ್ತದಾ?

ಬನಶಂಕರಿ ಕಮಿಟಿ ಮೆಂಬರ್

ಭಾನುವಾರದ ಮೀಟಿಂಗಿನಲ್ಲಿ ಶೇ 90 ಮತ್ತು ಫೋಟೋ ಎರಡನ್ನೂ ಕೈಬಿಟ್ಟೆವು. ಆಪ್ ಸಾಹೇಬರಿಗೆ ಬೇಜಾರಾಗಿದೆ, ಆಗಲಿ. ಪ್ರತಿ ಮನೆಗೂ ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್ ಥರದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಒಂದು ಚೀಲ ಅಸೋಸಿಯೇಷನ್ ದುಡ್ಡಿನಲ್ಲೇ ಕೊಡುತ್ತೇವೆ. ಮನೆಕೆಲಸದವರನ್ನೂ ಕೂರಿಸಿ ಮಾತಾಡುತ್ತೇವೆ, ಬೈಯಲು ಅಲ್ಲ, ಏನು ಕಷ್ಟ ಅಂತ ಕೇಳಲು. ಒಂದು ಅನುಮಾನ. ಸಂಖ್ಯೆ ಇಳಿದ ವಾರ ಬೋರ್ಡಿನಲ್ಲಿ ಏನು ಹಾಕೋದು?

ಜೆಪಿ ನಗರದ ಅಮ್ಮ

ಇಳಿದಿದ್ದರೆ ಇಳಿದಿದೆ ಅಂತಲೇ ಹಾಕಿ, ಯಾಕೆ ಅನ್ನೋದನ್ನೂ ಬರೆಯಿರಿ. ಗಣೇಶನ ಹಬ್ಬದ ವಾರ ಇಳಿದೇ ಇಳಿಯುತ್ತದೆ, ಬಾಳೆಎಲೆಯ ಜೊತೆ ಪ್ಲಾಸ್ಟಿಕ್ ಲೋಟಗಳನ್ನೂ ಸುತ್ತಿ ಎಸೆಯುತ್ತಾರೆ. ಆ ವಾರಕ್ಕೆ ಎಲೆ ಹಾಕಲು ಒಂದು ಡ್ರಮ್ ಬೇರೆಯೇ ಇಡಿಸಿ.