ಅಪ್‌ಡೇಟ್: ಜರ್ಮನಿಯಲ್ಲಿ ಡಾಕ್ಟರೇಟ್ ಮುಗಿದ ಮೇಲೆ ಏನು ಮಾಡಿದೆ

ಕಳೆದ ವರ್ಷ ನಾನು ಕೇಳಿದ್ದು ಇಷ್ಟು: ಡ್ರೆಸ್ಡೆನ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಾಕ್ಟರೇಟ್ ಮುಗಿಯುತ್ತಿದೆ, ಪೋಸ್ಟ್‌ಡಾಕ್ (ಡಾಕ್ಟರೇಟ್ ನಂತರದ ತಾತ್ಕಾಲಿಕ ಸಂಶೋಧಕ) ಆಗಿ ವಿಶ್ವವಿದ್ಯಾಲಯದಲ್ಲೇ ಉಳಿಯಲೇ, ಕಂಪನಿ ಸೇರಲೇ? ಹೆಚ್ಚಿನವರು ಪೋಸ್ಟ್‌ಡಾಕ್ ಬಿಡಬೇಡಿ ಎಂದಿರಿ. ನಾನು ಬಿಟ್ಟೆ.

ಇಲ್ಲಿ ವಿಶ್ವವಿದ್ಯಾಲಯದ ತಾತ್ಕಾಲಿಕ ನೌಕರಿಗೆ ಕಾನೂನಿನ ಗಡುವಿದೆ: ಸಾಮಾನ್ಯವಾಗಿ ಡಾಕ್ಟರೇಟ್‌ಗೆ ಮೊದಲು 6 ವರ್ಷ, ಆಮೇಲೆ 6 ವರ್ಷ. ಅಷ್ಟರೊಳಗೆ ಕಾಯಂ ಹುದ್ದೆ ಸಿಗದಿದ್ದರೆ ನಡುವಯಸ್ಸಿನಲ್ಲಿ ಹೊಸದಾಗಿ ಕೆಲಸ ಹುಡುಕಬೇಕು. ಕಂಪನಿ ಸೇರಿದರೆ ಸಂಶೋಧನೆಯ ಬಾಗಿಲು ಮುಚ್ಚಿತು ಎಂಬ ನಮ್ಮೂರಿನ ಎಣಿಕೆಯೂ ಇಲ್ಲಿ ತಲೆಕೆಳಗು. ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ 5 ವರ್ಷದ ವೃತ್ತಿ ಅನುಭವ ಬೇಕು, ಅದರಲ್ಲಿ 3 ವರ್ಷ ವಿಶ್ವವಿದ್ಯಾಲಯದ ಹೊರಗಿನದು. ಇದನ್ನು ನನ್ನ ಮಾರ್ಗದರ್ಶಕರು ಕ್ಯಾಂಟೀನಿನಲ್ಲಿ ಸೂಪ್ ಕುಡಿಯುತ್ತಾ ಹೇಳಿದರು. ನಾಲ್ಕು ವರ್ಷ ಮೊದಲೇ ಹೇಳಬಹುದಿತ್ತು!

ಈಗ ಗೇರ್‌ಬಾಕ್ಸ್ ತಯಾರಿಸುವ ಕಂಪನಿಯೊಂದರ ಸಂಶೋಧನಾ ವಿಭಾಗದಲ್ಲಿದ್ದೇನೆ. ಪೆಟ್ಟು ಬಿದ್ದದ್ದು ಭಾಷೆಯಲ್ಲಿ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಇಂಗ್ಲಿಷ್ ಸಾಕಿತ್ತು. ಇಲ್ಲಿನ ತಂತ್ರಜ್ಞರದು ಸ್ಯಾಕ್ಸನಿಯ ಆಡುಮಾತು. ಅರ್ಥವಾಗದಿದ್ದರೂ ತಲೆಯಾಡಿಸಿ, ಒಂದಿಡೀ ದಿನ ತಪ್ಪು ಎಣ್ಣೆ ಹಾಕಿ ಪರೀಕ್ಷೆ ನಡೆಸಿದೆ. ಮರುದಿನವೇ ಸಂಜೆಯ ಜರ್ಮನ್ ತರಗತಿಗೆ ಸೇರಿದೆ. ಬ್ಲೂ ಕಾರ್ಡ್ (ಪದವಿ ಪಡೆದ ವಿದೇಶಿ ನೌಕರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಇರುವವರಿಗೆ ಜರ್ಮನ್ ಕಲಿತರೆ ಇನ್ನೊಂದು ಲಾಭವಿದೆ: ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ತೀರಾ ಆರಂಭದ ಎ1 ಮಟ್ಟ ಮಾತ್ರವಾದರೆ 27 ತಿಂಗಳು ಕಾಯಬೇಕು.

ಮಾರ್ಗದರ್ಶಕರ ಜೊತೆಗಿನ ಒಂದು ಪ್ರಬಂಧ ಇನ್ನೂ ಬಾಕಿ. ಶನಿವಾರಗಳು ಅದಕ್ಕೇ ಹೋಗುತ್ತಿವೆ.