ರಜೆಗೆ ಮನೆಯಲ್ಲೇ ಕೇಕ್, ಬನ್, ಬಿಸ್ಕತ್ತು: ಮಡಿಕೇರಿಯ ಪ್ರಶ್ನೆಗೆ ಬಂದ ಅನುಭವದ ಉತ್ತರಗಳು

ಪ್ರಶ್ನೆ: ಮಡಿಕೇರಿಯ ಗೃಹಿಣಿ

ಡಿಸೆಂಬರ್ ರಜೆಗೆ ಮಗಳ ಸಂಸಾರವೂ ಮೈದುನನ ಸಂಸಾರವೂ ನಮ್ಮಲ್ಲಿಗೆ ಬರುತ್ತಿದ್ದು, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮನೆ ತುಂಬಿರುತ್ತದೆ. ಅದಕ್ಕೆಂದೇ 28 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ವಿದ್ಯುತ್ ಒಲೆ) ಕೊಂಡಿದ್ದೇವೆ. ಆದರೆ ನಾನು ಮಾಡುವ ಕೇಕ್ ಒಲೆಯೊಳಗೆ ಚೆನ್ನಾಗಿ ಉಬ್ಬಿ, ಹೊರಗೆ ತೆಗೆಯುವ ಹೊತ್ತಿಗೆ ನಡುವೆ ಕುಸಿದಿರುತ್ತದೆ. ಕೆಲವೊಮ್ಮೆ ಮೇಲ್ಭಾಗ ಬಿರುಕು ಬಿಟ್ಟು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ, ಮಕ್ಕಳಿಗೆ ಪ್ಲಮ್ ಕೇಕ್ ಬೇಕೇ ಬೇಕು, ಗಂಡಸರು ಸಂಜೆಯ ಕಾಫಿಗೆ ಖಾರದ್ದೇನಾದರೂ ಕೇಳುತ್ತಾರೆ. ತಮ್ಮ ಮನೆಯಲ್ಲಿ ಮತ್ತೆ ಮತ್ತೆ ಮಾಡಿ ಸರಿಬಂದಿರುವ ಅಳತೆಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೆಂಗಳೂರು, ಮನೆಯಿಂದಲೇ ಕೇಕ್ ಮಾಡಿಕೊಡುವವರು

ಮೇಡಂ, ಅಳತೆ ಹೇಳುವುದಕ್ಕೆ ಮೊದಲು ತಾವಿರುವ ಊರಿನ ಎತ್ತರವನ್ನು ಗಮನಿಸಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ ಮತ್ತು ಬೇಕಿಂಗ್ ಪೌಡರಿನಿಂದ ಹುಟ್ಟುವ ಅನಿಲದ ಗುಳ್ಳೆಗಳು ಬೇಗ ಹಿಗ್ಗುತ್ತವೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಕೇಕ್ ತನ್ನ ಶಕ್ತಿಗೆ ಮೀರಿ ಉಬ್ಬಿಬಿಟ್ಟರೆ, ಆ ಗುಳ್ಳೆಗಳನ್ನು ಹಿಡಿದಿಡುವ ಗೋಡೆಗಳು ಒಡೆದು ನಡುಭಾಗ ಕುಸಿಯುತ್ತದೆ. ನಾವು ನೋಡಿ ಮಾಡುವ ಪಾಕವಿಧಾನಗಳಲ್ಲಿ ಹೆಚ್ಚಿನವು ತಗ್ಗಿನ ಊರುಗಳಲ್ಲಿ ಬರೆದವು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಅವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ, ಇನ್ನು ತಮ್ಮಲ್ಲಿ ಕೇಳಬೇಕೇ.

ಹೀಗೆ ಮಾಡಿ ನೋಡಿ. ಬೇಕಿಂಗ್ ಪೌಡರ್ ಮತ್ತು ಅಡುಗೆ ಸೋಡಾ ಎರಡನ್ನೂ ಹೇಳಿದ್ದಕ್ಕಿಂತ ಐದನೆಯ ಒಂದು ಭಾಗದಷ್ಟು ತಗ್ಗಿಸಿ, ಸಕ್ಕರೆಯನ್ನು ಒಂದು ದೊಡ್ಡ ಚಮಚ ಕಡಿಮೆ ಮಾಡಿ, ಹಾಲನ್ನೋ ಮೊಸರನ್ನೋ ಒಂದೆರಡು ದೊಡ್ಡ ಚಮಚ ಹೆಚ್ಚಿಸಿ. ಓಟಿಜಿಯ ಬಾಗಿಲನ್ನು ಮೊದಲ 25 ನಿಮಿಷ ತೆರೆಯಲೇಬೇಡಿ. ಮೇಲೆ ಬಿರುಕು ಬಿಟ್ಟು ಒಳಗೆ ಹಸಿ ಉಳಿಯುವುದಕ್ಕೆ ಕಾರಣ ಬೇರೆ: ಚಿಕ್ಕ ಓಟಿಜಿಗಳಲ್ಲಿ ಮೇಲಿನ ಕಾಯಿಲ್ ಟಿನ್ನಿಗೆ ತೀರ ಹತ್ತಿರವಿರುವುದರಿಂದ ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನ ಹಿಟ್ಟು ಆಮೇಲೆ ಅದನ್ನು ಒಡೆದುಕೊಂಡು ಏಳುತ್ತದೆ. ಜಾಲರಿಯನ್ನು ಕೆಳಗಿನ ಹಂತದಲ್ಲಿಟ್ಟು, ಅರ್ಧ ಸಮಯವಾದ ಮೇಲೆ ಮೇಲ್ಭಾಗ ಕೆಂಪಾಗುತ್ತಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ. ತಿರುಗಿಸುವ ಗುಂಡಿಯಲ್ಲಿ ಕಾಣುವ ಉಷ್ಣತೆಗೂ ಒಳಗಿನ ನಿಜವಾದ ಉಷ್ಣತೆಗೂ ಎಷ್ಟೋ ಸಲ 15-20 ಡಿಗ್ರಿ ವ್ಯತ್ಯಾಸವಿರುತ್ತದೆ. ಒಳಗೆ ಇಡುವ ಓವನ್ ಥರ್ಮಾಮೀಟರೊಂದನ್ನು ಕೊಳ್ಳುವುದು ಬಣ್ಣಬಣ್ಣದ ಅಚ್ಚುಗಳನ್ನು ಕೊಳ್ಳುವುದಕ್ಕಿಂತ ಮುಖ್ಯ. ಅಡುಗೆಮನೆಯ ತಕ್ಕಡಿಯೂ ಇರಲಿ, ಏಕೆಂದರೆ ಒಂದು ಕಪ್ ಮೈದಾ ಒತ್ತಿ ತುಂಬಿದರೆ 150 ಗ್ರಾಂ ದಾಟುತ್ತದೆ, ಸಡಿಲವಾಗಿ ತುಂಬಿದರೆ 120 ಗ್ರಾಂ ಮಾತ್ರ ಇರುತ್ತದೆ.

ಅತ್ತೆಯವರಿಗಾಗಿ ನನ್ನ ಮೊಸರಿನ ಕೇಕ್. ಒಂದು ಕಪ್ ತಾಜಾ ಗಟ್ಟಿ ಮೊಸರಿಗೆ 170 ಗ್ರಾಂ ಸಕ್ಕರೆ ಹಾಕಿ ಕರಗುವವರೆಗೆ ಕದಡಿ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್ ಮತ್ತು ಅರ್ಧ ಚಮಚಕ್ಕಿಂತ ತುಸು ಕಡಿಮೆ ಸೋಡಾ ಉದುರಿಸಿ ಐದು ನಿಮಿಷ ಬಿಡಬೇಕು. ಮೊಸರಿನ ಹುಳಿಗೆ ಸೋಡಾ ಸೇರಿ ನೊರೆ ಎದ್ದ ಮೇಲೆ ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ವೆನಿಲಾ, ಜರಡಿ ಹಿಡಿದ 190 ಗ್ರಾಂ ಮೈದಾ ಸೇರಿಸಿ, ಗಂಟಿಲ್ಲದಷ್ಟು ಮಾತ್ರ ಕಲಸಿ. ಹೆಚ್ಚು ಕಲಸಿದರೆ ಮೈದಾ ಜಿಗುಟಾಗಿ ಕೇಕ್ ರಬ್ಬರಿನಂತಾಗುತ್ತದೆ. ಈ ಅಳತೆಯಲ್ಲಿ ನಾನು ಹೇಳಿದ ಕಡಿತ ಆಗಲೇ ಸೇರಿದೆ, ಮತ್ತೆ ತಗ್ಗಿಸಬೇಡಿ. ಏಳು ಅಂಗುಲದ ಟಿನ್ನಿನಲ್ಲಿ 180 ಡಿಗ್ರಿಗೆ 35 ನಿಮಿಷದ ಸುಮಾರಿಗೆ ಬೇಯುತ್ತದೆ. ಕಲಸಿದ ಹಿಟ್ಟು ಒಲೆ ಕಾಯುವವರೆಗೆ ಕಾದಿದ್ದರೆ ಅನಿಲವೆಲ್ಲ ಹೊರಟುಹೋಗುತ್ತದೆ. ಆದ್ದರಿಂದ ಒಲೆ ಮೊದಲೇ ಕಾದಿರಬೇಕು.

ಉತ್ತರ: ಮಂಗಳೂರು

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ. ಆದರೆ ಆ ತಟ್ಟೆಯಲ್ಲಿರುವ ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ ಎಲ್ಲವೂ ಎಣ್ಣೆಯಲ್ಲಿ ಕರಿದವು; ಒಲೆಯಲ್ಲಿ ಬೇಯುವುದು ಮುಖ್ಯವಾಗಿ ಕೇಕ್. ನಮ್ಮ ಅಜ್ಜಿ ಓವನ್ ಎಂಬುದನ್ನು ಕಂಡವರಲ್ಲ. ದಪ್ಪ ಪಾತ್ರೆಯ ತಳಕ್ಕೆ ಮರಳು ಹರಡಿ, ಅದರೊಳಗೆ ಕೇಕಿನ ಡಬ್ಬಿಯಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದರು. ಹಿಟ್ಟನ್ನು ಮನೆಯಲ್ಲಿ ಕಲಸಿ ಪಕ್ಕದ ಬೇಕರಿಯ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುವ ರೂಢಿಯೂ ನಮ್ಮ ಬೀದಿಯಲ್ಲಿತ್ತು.

ಎಂಟು ಅಂಗುಲದ ಒಂದು ಪ್ಲಮ್ ಕೇಕಿಗೆ ನಮ್ಮ ಮನೆಯ ಅಳತೆ ಹೀಗಿದೆ. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ, ಗೋಡಂಬಿ ಎಲ್ಲ ಸೇರಿ 400 ಗ್ರಾಂ ಆಗಬೇಕು. ಗೋಡಂಬಿಯನ್ನು ಬಿಟ್ಟು ಉಳಿದವನ್ನು ಸಣ್ಣಗೆ ಹೆಚ್ಚಿ ಗಾಜಿನ ಭರಣಿಯಲ್ಲಿ ರಮ್ ಹಾಕಿ ನೆನೆಸಬೇಕು; ಒಂದು ತಿಂಗಳು ನೆನೆದರೆ ಉತ್ತಮ, ಒಂದು ವಾರವಾದರೂ ನಡೆಯುತ್ತದೆ. 200 ಗ್ರಾಂ ಬೆಣ್ಣೆ, 150 ಗ್ರಾಂ ಪುಡಿ ಸಕ್ಕರೆ, ನಾಲ್ಕು ಮೊಟ್ಟೆ, 200 ಗ್ರಾಂ ಮೈದಾ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್ (ಮಡಿಕೇರಿಗೆ ಮುಕ್ಕಾಲು ಚಮಚ ಸಾಕು), ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ ಸೇರಿದ ಪುಡಿ ಒಂದು ಚಮಚ.

ಕೇಕಿಗೆ ಕಪ್ಪು ಬಣ್ಣವನ್ನೂ ಆ ತುಸು ಕಹಿಯನ್ನೂ ಕೊಡುವುದು ಕರಕಲು ಸಕ್ಕರೆ. 100 ಗ್ರಾಂ ಸಕ್ಕರೆಯನ್ನು ಆಳವಾದ, ದಪ್ಪ ತಳದ ಪಾತ್ರೆಯಲ್ಲಿ ಗಾಢ ಕಂದು ಬಣ್ಣ ಬಂದು ಹೊಗೆ ಕಾಣಿಸುವವರೆಗೆ ಕರಗಿಸಿ, ಉರಿ ಆರಿಸಿ, ಅರ್ಧ ಲೋಟಕ್ಕಿಂತ ಕಡಿಮೆ ಬಿಸಿನೀರನ್ನು ದೂರ ನಿಂತು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ತಣ್ಣೀರು ಹಾಕಿದರೆ ಪಾಕ ಸಿಡಿದು ಕೈ ಸುಡುತ್ತದೆ. ಮಕ್ಕಳನ್ನು ಆ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಕಳಿಸಿಬಿಡಿ. ಪಾಕ ಪೂರ್ತಿ ತಣಿದ ಮೇಲೆಯೇ ಹಿಟ್ಟಿಗೆ ಸೇರಬೇಕು.

ಬೆಣ್ಣೆ ಮತ್ತು ಸಕ್ಕರೆಯನ್ನು ಬೆಳ್ಳಗಾಗುವವರೆಗೆ ಕಡೆಯುವುದೇ ಈ ಕೇಕಿನ ಮುಖ್ಯ ಕೆಲಸ. ಡಿಸೆಂಬರಿನಲ್ಲಿ ತಮ್ಮಲ್ಲಿ ಬೆಣ್ಣೆ ಹೊರಗಿಟ್ಟರೂ ಕಲ್ಲಿನಂತಿರುತ್ತದೆಯಾದ್ದರಿಂದ, ತುಂಡು ಮಾಡಿ ಉಗುರುಬೆಚ್ಚಗಿನ ನೀರಿನ ಮೇಲೆ ಪಾತ್ರೆಯನ್ನು ಕೆಲವು ಕ್ಷಣ ಹಿಡಿದು ಮೆದುವಾಗಿಸಿ, ಕರಗಲು ಬಿಡಬೇಡಿ. ಮೊಟ್ಟೆಗಳನ್ನೂ ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟು ಒಂದೊಂದಾಗಿ ಸೇರಿಸಿ. ಮಿಶ್ರಣ ಒಡೆದಂತೆ ಕಂಡರೆ ಒಂದು ಚಮಚ ಮೈದಾ ಹಾಕಿದರೆ ಸರಿಹೋಗುತ್ತದೆ. ಅನಂತರ ಮೈದಾ, ಮಸಾಲೆ, ಪಾಕ ಸೇರಿಸಿ, ಸೋಸಿದ ಹಣ್ಣಿಗೆ ಒಂದು ಹಿಡಿ ಮೈದಾ ಸವರಿ ಕೊನೆಯಲ್ಲಿ ಹಾಕಿ. ಹಿಟ್ಟು ಗಟ್ಟಿಯಾಗಿದ್ದರೆ ಹಣ್ಣು ತಳ ಸೇರುವುದಿಲ್ಲ. ಟಿನ್ನಿಗೆ ಎರಡು ಪದರ ಬಟರ್ ಪೇಪರ್ ಹಾಕಿ 160 ಡಿಗ್ರಿಯಲ್ಲಿ ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ. ಅಂದೇ ಕತ್ತರಿಸಬಾರದು. ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮೂರ್ನಾಲ್ಕು ದಿನ ಕಳೆದ ಮೇಲೆ ಮಸಾಲೆ ಮತ್ತು ಹಣ್ಣಿನ ರುಚಿ ಒಂದಾಗಿ ಕೂಡುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಆದರೆ ನಮ್ಮ ಮನೆಯಲ್ಲಿ ರಮ್ ಬಳಸುವಂತಿಲ್ಲ. ಮೊಟ್ಟೆಯಿಲ್ಲದ ಪ್ಲಮ್ ಕೇಕ್ ಸಾಧ್ಯವೇ? ಅತ್ತೆಯವರಿಗೆ ಬೇರೆ ಕೇಕ್, ಉಳಿದವರಿಗೆ ಬೇರೆ ಎಂದಾದರೆ ಅವರು ಎರಡನ್ನೂ ತಿನ್ನುವುದಿಲ್ಲ.

ಉತ್ತರ: ಮಂಗಳೂರು

ತಮ್ಮ ಊರಿನ ಕಿತ್ತಳೆಯೇ ಇರುವಾಗ ರಮ್ ಏಕೆ? ಹಣ್ಣುಗಳನ್ನು ಕಿತ್ತಳೆ ರಸದಲ್ಲಿ ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಒಂದು ರಾತ್ರಿ ಬಿಟ್ಟರೆ ಸಾಕು. ರಸದಲ್ಲಿ ನೆನೆಸಿದ್ದು ರಮ್ಮಿನಂತೆ ವಾರಗಟ್ಟಲೆ ಕೆಡದೆ ಉಳಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬಳಸಿ, ಕೇಕನ್ನೂ ಒಂದು ವಾರದೊಳಗೆ ಮುಗಿಸಿ.

ಮೊಟ್ಟೆಯಿಲ್ಲದ್ದಕ್ಕೆ ನನ್ನ ನಾದಿನಿಯ ಅಳತೆ: 200 ಗ್ರಾಂ ಮೈದಾ, 100 ಗ್ರಾಂ ಕರಗಿಸಿದ ಬೆಣ್ಣೆ, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಸೋಸಿದ ಹಣ್ಣು 250 ಗ್ರಾಂ, ಅರ್ಧ ಕಪ್ ಕಿತ್ತಳೆ ರಸ, ಎರಡು ದೊಡ್ಡ ಚಮಚ ಕರಕಲು ಸಕ್ಕರೆಯ ಪಾಕ, ಅದೇ ಮಸಾಲೆ, ಮುಕ್ಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚಕ್ಕಿಂತ ಕಡಿಮೆ ಸೋಡಾ. 160 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಮೊಟ್ಟೆಯ ಕೇಕಿನಷ್ಟು ಹಗುರವಾಗಿರುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು, ಆದರೆ ಪ್ಲಮ್ ಕೇಕ್ ಭಾರವಾಗಿರುವುದೇ ಅದರ ಲಕ್ಷಣವಾದ್ದರಿಂದ ಯಾರೂ ಆಕ್ಷೇಪಿಸಲಾರರು.

ಉತ್ತರ: ಹಾಸನ, ನಿವೃತ್ತ ಶಿಕ್ಷಕರು

ಕಾಫಿಗೆ ಖಾರದ್ದು ಎಂದರೆ ಖಾರಾ ಬನ್ನನ್ನು ಬಿಟ್ಟರೆ ಬೇರೆ ಹೆಸರು ನನಗೆ ತೋಚುವುದಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಅಯ್ಯಂಗಾರ್ ಬೇಕರಿಯಾದ ಬಿ. ಬಿ. ಬೇಕರಿಯನ್ನು ತೆರೆದ ತಿರುಮಲಾಚಾರ್ ನಮ್ಮ ಹಾಸನದ ಕಡೆಯವರು ಎಂಬ ಸಣ್ಣ ಹೆಮ್ಮೆಯೂ ಇದರಲ್ಲಿ ಸೇರಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅಯ್ಯಂಗಾರ್ ಬೇಕರಿಗಳ ಈ ಬನ್ನಿಗೆ ಮೊಟ್ಟೆ ಬೇಡವಾದ್ದರಿಂದ ತಮ್ಮ ಅತ್ತೆಯವರಿಗೂ ಸಲ್ಲುತ್ತದೆ.

300 ಗ್ರಾಂ ಮೈದಾಕ್ಕೆ ಒಂದು ಚಿಕ್ಕ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು ಹಾಕಿ, 190 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲಿನಲ್ಲಿ ಕಲಸಿ, ಆಮೇಲೆ 40 ಗ್ರಾಂ ಬೆಣ್ಣೆ ಸೇರಿಸಿ ಹತ್ತು ನಿಮಿಷ ನಾದಬೇಕು. ಹಿಟ್ಟು ಮೊದಲು ಕೈಗೆ ಅಂಟುತ್ತದೆ. ಆಗ ಒಣ ಮೈದಾ ಸುರಿಯುವ ಆಸೆಯನ್ನು ತಡೆದುಕೊಳ್ಳಬೇಕು, ನಾದುತ್ತಾ ಹೋದಂತೆ ಅದೇ ನುಣ್ಣಗಾಗುತ್ತದೆ. ಹಾಲು ಬೆರಳಿಗೆ ಬಿಸಿ ಎನಿಸಿದರೆ ಯೀಸ್ಟ್ ಸಾಯುತ್ತದೆ.

ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ, ಜೀರಿಗೆಯೊಂದಿಗೆ ಸ್ವಲ್ಪ ಬೆಣ್ಣೆಯಲ್ಲಿ ಬಾಡಿಸಿ ಆರಿಸಿಟ್ಟುಕೊಳ್ಳಿ. ಹಸಿ ಈರುಳ್ಳಿಯನ್ನೇ ಸೇರಿಸಿದರೆ ಅದು ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತದೆ. ಹಿಟ್ಟು ಒಮ್ಮೆ ಎರಡು ಪಟ್ಟಾದ ಮೇಲೆ ಒಗ್ಗರಣೆ ಸೇರಿಸಿ ಎಂಟು ಉಂಡೆ ಮಾಡಿ, ಮತ್ತೆ ಅರ್ಧ ಗಂಟೆ ಬಿಟ್ಟು, ಮೇಲೆ ಹಾಲು ಸವರಿ 190 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಬೇಯಿಸಬೇಕು. ಹೊರಬಂದ ಕೂಡಲೇ ಬೆಣ್ಣೆ ಸವರಿ ಬಟ್ಟೆ ಮುಚ್ಚಿದರೆ ಮೇಲ್ಪದರ ಮೆತ್ತಗಿರುತ್ತದೆ. ಕರಾವಳಿಯಲ್ಲಿ ಮುಕ್ಕಾಲು ಗಂಟೆಗೆ ಉಬ್ಬುವ ಹಿಟ್ಟು ಮಡಿಕೇರಿಯ ಚಳಿಯಲ್ಲಿ ಎರಡು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಆರಿಸಿದ ಓಟಿಜಿಯೊಳಗೆ ಒಂದು ಬಟ್ಟಲು ಬಿಸಿನೀರಿನ ಜೊತೆ ಇಟ್ಟು ಬಾಗಿಲು ಮುಚ್ಚಿ. ಗಡಿಯಾರವನ್ನಲ್ಲ, ಹಿಟ್ಟಿನ ಗಾತ್ರವನ್ನು ನೋಡಿ.

ಉತ್ತರ: ಧಾರವಾಡ

ಎಲ್ಲರೂ ಓಟಿಜಿಯ ಮಾತನ್ನೇ ಆಡುತ್ತಿದ್ದೀರಿ. ರಜೆಯಲ್ಲಿ ಕರೆಂಟು ಹೋದರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಬೆಂಗಳೂರಿನವರ ಮೊಸರಿನ ಕೇಕನ್ನು ನಾನು ಕುಕ್ಕರಿನಲ್ಲಿ ಮಾಡುತ್ತೇನೆ. ಹಳೆಯ ದಪ್ಪ ಕುಕ್ಕರಿನ ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆದು, ತಳಕ್ಕೆ ಎರಡು ಕಪ್ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿದ ಮೇಲೆ ಕೇಕಿನ ಡಬ್ಬಿ ಇಟ್ಟು ತೀರ ಸಣ್ಣ ಉರಿಯಲ್ಲಿ 45 ನಿಮಿಷ. ನೀರು ಹಾಕುವಂತಿಲ್ಲ. ಮೇಲ್ಭಾಗ ಕೆಂಪಾಗುವುದಿಲ್ಲ, ಅಷ್ಟೇ ಕೊರತೆ. ಖಾರಾ ಬನ್ ಮಾತ್ರ ಕುಕ್ಕರಿನಲ್ಲಿ ಚೆನ್ನಾಗಿ ಬರುವುದಿಲ್ಲ.

ಇನ್ನೊಂದು ಮಾತು: ಸಾವಿರದೈನೂರು ವಾಟಿನ ಸುಮಾರಿಗಿರುವ ಓಟಿಜಿಯನ್ನು ಮೊಬೈಲ್ ಚಾರ್ಜರಿನ ಚಿಕ್ಕ ಪ್ಲಗ್ಗಿಗೆ ಹಾಕದೆ 16 ಆಂಪಿಯರಿನ ಪ್ಲಗ್ಗಿಗೇ ಹಾಕಿ.

ಉತ್ತರ: ನ್ಯೂಜೆರ್ಸಿ

ಮಗಳು ಅಮೆರಿಕದ ಪಾಕವಿಧಾನ ಕಳಿಸಿದರೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಇಲ್ಲಿಯ 350 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಅಲ್ಲಿಯ 175-180, 325 ಎಂದರೆ 160ರ ಸುಮಾರು. ಒಂದು ಸ್ಟಿಕ್ ಬೆಣ್ಣೆ ಎಂದರೆ 113 ಗ್ರಾಂ. ಇಲ್ಲಿಯ ಕೇಕಿಗೆ ಉಪ್ಪಿಲ್ಲದ ಬೆಣ್ಣೆಯನ್ನು ಲೆಕ್ಕ ಹಿಡಿದಿರುತ್ತಾರೆ. ಅಲ್ಲಿ ಅಂಗಡಿಯ ಉಪ್ಪು ಬೆಣ್ಣೆ ಹಾಕಿದರೆ ಬೇರೆ ಉಪ್ಪು ಬೇಡ. ಸಕ್ಕರೆಯನ್ನು ನಾನು ಯಾವಾಗಲೂ ಕಾಲು ಭಾಗ ಕಡಿಮೆ ಹಾಕುತ್ತೇನೆ, ನಮ್ಮವರ ಬಾಯಿಗೆ ಇಲ್ಲಿಯ ಸಿಹಿ ವಿಪರೀತ.

ಉತ್ತರ: ಶಿವಮೊಗ್ಗ

ಇಷ್ಟು ಜನರಿಗೆ ಕೇಕ್ ಎರಡೇ ದಿನದಲ್ಲಿ ಖಾಲಿಯಾಗುತ್ತದೆ. ಡಬ್ಬಿಯಲ್ಲಿ ಉಳಿಯುವುದು ಬಿಸ್ಕತ್ತು. 100 ಗ್ರಾಂ ರಾಗಿ ಹಿಟ್ಟನ್ನು ಘಮ ಬರುವವರೆಗೆ ಹುರಿದು ತಣಿಸಿ, 100 ಗ್ರಾಂ ಗೋಧಿ ಹಿಟ್ಟು, ಅರ್ಧ ಚಮಚ ಬೇಕಿಂಗ್ ಪೌಡರ್, ಏಲಕ್ಕಿ ಸೇರಿಸಿ. ಮೆದುವಾದ 110 ಗ್ರಾಂ ಬೆಣ್ಣೆಗೆ 90 ಗ್ರಾಂ ಬೆಲ್ಲದ ಪುಡಿ ಕಡೆದು ಈ ಹಿಟ್ಟಿಗೆ ಹಾಕಿ, ಬೇಕಾದಷ್ಟೇ ಹಾಲು ಚಿಮುಕಿಸಿ ಉಂಡೆ ಕಟ್ಟಿ ತಟ್ಟಿ. 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ರಾಗಿಯ ಬಣ್ಣದಿಂದಾಗಿ ಬೆಂದದ್ದು ಕಣ್ಣಿಗೆ ತಿಳಿಯುವುದಿಲ್ಲ, ಅಂಚು ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಬಿಸಿಯಿರುವಾಗ ಮೆತ್ತಗೇ ಇರುತ್ತವೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ತಣಿದ ಮೇಲೆ ಕಲ್ಲಾಗುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರಗಳು. ಈ ಭಾನುವಾರ ಮೊಸರಿನ ಕೇಕನ್ನು ತಗ್ಗಿಸಿದ ಸೋಡಾದೊಂದಿಗೆ ಮಾಡಿದೆ. ಕುಸಿಯಲಿಲ್ಲ, ಆದರೆ ಒಂದು ಬದಿ ಮಾತ್ರ ಹೆಚ್ಚು ಕೆಂಪಾಯಿತು. ಇದಕ್ಕೆ ಪರಿಹಾರವೇನು?

ಉತ್ತರ: ಬೆಂಗಳೂರು

ಓಟಿಜಿಯ ಒಳಗೆ ಹಿಂಬದಿ ಹೆಚ್ಚು ಬಿಸಿಯಿರುತ್ತದೆ. 25 ನಿಮಿಷ ಕಳೆದು ಕೇಕ್ ಗಟ್ಟಿಯಾದ ಮೇಲೆ ಟಿನ್ನನ್ನು ಬೇಗನೆ ಅರ್ಧ ಸುತ್ತು ತಿರುಗಿಸಿ ಬಾಗಿಲು ಮುಚ್ಚಿ. ಟಿನ್ನಿಗೂ ಗೋಡೆಗೂ ನಡುವೆ ಎಲ್ಲ ಕಡೆ ಎರಡು ಬೆರಳಷ್ಟಾದರೂ ಜಾಗ ಬಿಡಿ. ಪ್ಲಮ್ ಕೇಕನ್ನು ಡಿಸೆಂಬರ್ 20ರೊಳಗೆ, ರಾಗಿ ಬಿಸ್ಕತ್ತನ್ನು ಅದರ ಮರುದಿನ, ಬನ್ನನ್ನು ಮಾತ್ರ ತಿನ್ನುವ ದಿನವೇ ಮಾಡಿ.